ಮತ್ತಿಮರದ ಬಾಣಂತಿ

ಮುಂಬಯಿಯ ಉತ್ತರದ ತುದಿಯಲ್ಲಿ ದೊಡ್ಡದೊಂದು ಕಾಡಿದೆ ಎಂದರೆ ಫೋರ್ಟಿನ ಆಫೀಸುಗಳಲ್ಲಿ ಕೂತವರು ನಂಬದ ಕಾಲ ಅದು. ಬೋರಿವಲಿಯಲ್ಲಿ ಲೋಕಲ್ ಇಳಿದು, ಪೂರ್ವದ ಕಡೆಗೆ ದಾಟಿ, ಕಲ್ಲು ಪುಡಿ ಮಾಡುವ ಖಡಿ ಮಷೀನುಗಳ ಬಿಳಿ ಧೂಳನ್ನು ಹಿಂದೆ ಬಿಟ್ಟು ನಡೆದರೆ ಗುಡ್ಡಗಳು ಏಳುತ್ತಿದ್ದವು. ಗುಡ್ಡದ ತುಂಬ ಮತ್ತಿ, ತೇಗ, ಮುತ್ತುಗ, ಬಿದಿರು. ಇನ್ನೂ ಒಳಗೆ ಹೋದರೆ ಊರಿಗೆ ನೀರು ಕೊಡುವ ಕೆರೆಗಳು.

ಹಾಲವ್ವ ಅಲ್ಲಿಗೆ ಬಂದದ್ದು ಅರವತ್ತೇಳರಲ್ಲಿ, ಮದುವೆಯಾದ ಮರುವರ್ಷ. ಗಂಡ ಮರೆಪ್ಪನಿಗೆ ಗುಡ್ಡದ ಬುಡದ ಕಲ್ಲುಖಾಣಿಯಲ್ಲಿ ಕೆಲಸ. ಖಾಣಿಯ ಬಗಲಿಗೆ ವಿಜಾಪುರದ ಕಡೆಯವರದೇ ಒಂದು ಸಾಲು ಗುಡಿಸಲು ಎದ್ದಿತ್ತು. ಇಂಡಿ ತಾಲೂಕಿನ ಬಯಲಲ್ಲಿ ಜಾಲಿ, ಬೇವು ಬಿಟ್ಟರೆ ಬೇರೆ ಮರದ ನೆರಳನ್ನೇ ಕಾಣದೆ ಬೆಳೆದ ಹುಡುಗಿ, ಮೊದಲ ಸಲ ಆ ಕಾಡಿನೊಳಗೆ ಹೋದಾಗ ತಲೆಯೆತ್ತಿ ನೋಡುತ್ತ ನಿಂತುಬಿಟ್ಟಿದ್ದಳು. ಅದಕ್ಕಿಂತ ಹೆಚ್ಚಾಗಿ ಅವಳನ್ನು ನಿಲ್ಲಿಸಿದ್ದು ಅಲ್ಲಿನ ಗದ್ದಲ. ಒಂದು ಹಕ್ಕಿ ಕುಟ್ಟುತ್ತಿತ್ತು, ಒಂದು ಕಿರುಚುತ್ತಿತ್ತು, ಒಂದು ಬಾವಿಯ ಗಡಗಡಿಯ ಹಾಗೆ ಕಿರ್ ಕಿರ್ ಎನ್ನುತ್ತಿತ್ತು. ಸಂತೆಯೊಳಗೆ ಹೊಕ್ಕ ಹಾಗಾಯಿತು ಎಂದು ಸಂಜೆ ಗಂಡನಿಗೆ ಹೇಳಿದಳು. ಮರೆಪ್ಪ ದಿನವಿಡೀ ಕಲ್ಲು ಸಿಡಿಯುವ ಸದ್ದಿನಲ್ಲಿ ಇರುವವನು. "ಹಕ್ಕಿ ಒದರೂದು ಕೇಳೂ ಕಿವಿ ನಂದಲ್ಲ ಬಿಡು" ಎಂದ.

ಕಟ್ಟಿಗೆ ತಂದು ಮಾರುವುದು ಹಾಲವ್ವನ ಕಸುಬಾಯಿತು. ಬೆಳಿಗ್ಗೆ ಹೋಗಿ ಒಣಗಿದ್ದನ್ನು ಕಡಿದು, ಹೊರೆ ಕಟ್ಟಿ, ಸ್ಟೇಷನ್ನಿನ ಹತ್ತಿರದ, ಕಟ್ಟಿಗೆ ಕೊಂಡು ಮಾರುವ ವಖಾರಕ್ಕೆ ಹಾಕಿ ಬರುವುದು. ಒಣಕಟ್ಟಿಗೆಯ ಹೊರೆಯನ್ನು ಕಾಡಿನ ಕಾವಲುಗಾರರೂ ತಡೆಯುತ್ತಿರಲಿಲ್ಲ. ಹಸಿಯ ಮರಕ್ಕೆ ಅವಳು ಎಂದೂ ಕೊಡಲಿ ಹಾಕಿದವಳಲ್ಲ. ಸತ್ತ ಮರ ತಂದರೆ ಯಾರಿಗೆ ನಷ್ಟ? ಹಾಗೆಂದು ನಂಬಿ ವರ್ಷಗಟ್ಟಲೆ ನೆಮ್ಮದಿಯಾಗಿ ಕಡಿದಳು. ಜೊತೆಗೆ ಪಕ್ಕದ ಗುಡಿಸಲಿನ ಗುರುಬಾಯಿ ಇರುತ್ತಿದ್ದಳು. ಗುರುಬಾಯಿ ದೊಡ್ಡ ದನಿಯವಳು, ಬೈಗುಳವಿಲ್ಲದೆ ಮಾತು ಮುಗಿಸದವಳು. ಆದರೆ ಮರಿ ಹಾಕಿದ ಬೀದಿನಾಯಿಗೆ ತನ್ನ ಪಾಲಿನ ರೊಟ್ಟಿ ಮುರಿದು ಹಾಕುವಂಥ ಹೆಂಗಸು.

ರುಕ್ಮಿಣಿಬಾಯಿಯ ಪರಿಚಯವಾದದ್ದು ಒಂದು ಚಳಿಗಾಲದ ಭಾನುವಾರ. ಇಳಿಜಾರಿನಲ್ಲಿ ಯಾರೋ ಜಾರಿ ಬಿದ್ದು "ಅಯ್ಯಯ್ಯ, ಸೊಂಟಾ ಹೋತು!" ಎಂದದ್ದು ಕೇಳಿಸಿತು. ಹಾಲವ್ವ ತಲೆಯ ಮೇಲಿನ ಹೊರೆಯನ್ನು ಅಲ್ಲೇ ಒಗೆದು ಓಡಿದಳು. ಬಿದ್ದವರ ಮೈಮೇಲೆ ನೂಲಿನ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು, ಕೊರಳಲ್ಲಿ ದುರ್ಬೀನು.

"ಕನ್ನಡದವರೇನ್ರಿ?"

"ಧಾರವಾಡದವಳವ್ವಾ. ಮೊದಲ ಕೈ ಕೊಡು, ಆಮ್ಯಾಲ ಊರು ಕೇಳು."

ರುಕ್ಮಿಣಿಬಾಯಿ ಮಾಟುಂಗದಲ್ಲಿ ಇದ್ದವರು. ಗಂಡನಿಗೆ ಫೋರ್ಟಿನಲ್ಲಿ ಬ್ಯಾಂಕಿನ ನೌಕರಿ. ಅವರು ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದರು. ಹಕ್ಕಿ ನೋಡುವವರ ಒಂದು ಸಣ್ಣ ಸಂಘಕ್ಕೆ ಸೇರಿದ್ದರು. ಆ ಸಂಘದವರು ಕಾಡಿನ ಒಂದೊಂದು ದಾರಿಯನ್ನು ಒಬ್ಬೊಬ್ಬರಿಗೆ ಹಂಚಿದ್ದರು. ಚಳಿಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಅದೇ ದಾರಿಯಲ್ಲಿ ನಡೆದು ಕಂಡ ಹಕ್ಕಿಗಳನ್ನೆಲ್ಲ ಎಣಿಸಬೇಕು. ಹೀಗೆ ಹತ್ತಾರು ವರ್ಷ ಎಣಿಸಿದರೆ ಯಾವುದು ಹೆಚ್ಚಿತು, ಯಾವುದು ಕಡಿಮೆಯಾಯಿತು ಎಂಬುದು ಗೊತ್ತಾಗುತ್ತದೆ. ರುಕ್ಮಿಣಿಬಾಯಿಯ ಪಾಲಿಗೆ ಬಂದದ್ದು ಖಾಣಿಯ ಹಿಂದಿನಿಂದ ಕೆರೆಯ ಕಡೆಗೆ ಹೋಗುವ ಕಣಿವೆಯ ದಾರಿ, ಹಾಲವ್ವ ದಿನಾ ತುಳಿಯುವ ದಾರಿ. ಎಣಿಕೆ ಇಲ್ಲದ ಭಾನುವಾರಗಳಲ್ಲೂ ಅವರು ಬರತೊಡಗಿದರು.

"ಎಣಿಸಿ ಏನ ಮಾಡ್ತೀರಿ ಅಕ್ಕಾರ?" ಎಂದು ಹಾಲವ್ವ ಕೇಳಿದಳು. ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅವಳ ಊರಲ್ಲಿ ಅಕ್ಕಾರು ಎನ್ನುವುದೇ ರೂಢಿ.

"ಏನೂ ಮಾಡೂದಿಲ್ಲ. ಇದ್ದದ್ದು ಇದ್ದಂಗ ಬರದಿಡತೀವಿ. ಯಾರರೆ ಒಬ್ಬರು ನೋಡಿರಬೇಕಲ್ಲ?"

ಹಾಲವ್ವನಿಗೆ ಅದು ಹುಚ್ಚೆನಿಸಿತು. ಆದರೆ ಅಕ್ಕಾರ ಜೊತೆ ನಡೆಯುವುದು ಹಿತವಾಗಿತ್ತು. ಅವರು ದುರ್ಬೀನನ್ನು ಅವಳ ಕೈಗೂ ಕೊಡುತ್ತಿದ್ದರು. ಕುಟ್ಟುವುದು ಮರಕುಟಿಗ, ಕುಟ್ರೂ ಕುಟ್ರೂ ಎನ್ನುವುದು ಕುಟ್ರುಹಕ್ಕಿ ಎಂದು ಹೇಳಿಕೊಡುತ್ತಿದ್ದರು. ಹಾಲವ್ವನ ಮಗಳು ಚಂದ್ರವ್ವನನ್ನು ಬೋರಿವಲಿಯ ಶಾಲೆಗೆ ಸೇರಿಸಲು ತಾವೇ ಹೋಗಿ ಮಾತಾಡಿದರು.

ಮಂಗಟ್ಟೆ ಹಕ್ಕಿಯನ್ನು ತೋರಿಸಿದ್ದೂ ಅವರೇ. ಎಪ್ಪತ್ತೆರಡರ ಬೇಸಿಗೆ. ಕಣಿವೆಯ ತಿರುವಿನಲ್ಲಿ ಒಂದು ಮುದಿ ಮತ್ತಿಮರ. ಅರ್ಧ ಮೈ ಹಸಿರು, ಅರ್ಧ ಒಣಗಿತ್ತು. ಬೂದು ಬಣ್ಣದ, ಕುಡುಗೋಲಿನಂಥ ಕೊಕ್ಕಿನ ದೊಡ್ಡ ಹಕ್ಕಿಯೊಂದು ಬಂದು ಕಾಂಡಕ್ಕೆ ಜೋತುಬಿದ್ದು, ಏನನ್ನೋ ಮರದೊಳಕ್ಕೆ ತುರುಕಿ ಹೋಯಿತು. ರುಕ್ಮಿಣಿಬಾಯಿ ಹಾಲವ್ವನನ್ನು ಬಂಡೆಯ ಹಿಂದೆ ಕೂರಿಸಿ ದುರ್ಬೀನು ಕೊಟ್ಟರು. ಮರದ ಪೊಟರೆಯ ಬಾಯಿಗೆ ಮಣ್ಣು ಮೆತ್ತಿತ್ತು. ನಡುವೆ ಒಂದು ಸೀಳು. ಸೀಳಿನಲ್ಲಿ ಒಂದು ಕೊಕ್ಕಿನ ತುದಿ ಕಂಡು ಮರೆಯಾಯಿತು.

"ಒಳಗ ಹೆಣ್ಣು ಅದ" ಎಂದು ಅವರು ಪಿಸುಗುಟ್ಟಿದರು. "ತತ್ತಿ ಇಡೂಕಿಂತ ಮೊದಲ ಒಳಗ ಹೋಗಿ ತಾನ ಬಾಗಲಾ ಮುಚ್ಚಿಕೋತದ. ರೆಕ್ಕೀ ಗರಿ ಎಲ್ಲಾ ಉದುರಿಸಿಬಿಡತದ, ಹಾರಲಿಕ್ಕೆ ಬರೂದಿಲ್ಲ. ಮರಿ ಒಂದಿಷ್ಟು ದೊಡ್ಡವು ಆಗೂತನಾ ಗಂಡು ತಂದು ತಿನಿಸಬೇಕು. ಗಂಡು ಬರಲಿಲ್ಲಂದ್ರ ಒಳಗಿನವರು ಉಪವಾಸ."

ಹಾಲವ್ವ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. "ಅಂದ್ರ ಬಾಣಂತನಾನ ಅನ್ನರಿ. ಎರಡ ತಿಂಗಳ ಕುಂಡ್ರಿಸಿ ತಿನಸತಾನಂದ್ರ ಪುಣ್ಯಾ ಮಾಡ್ಯಾಳ ಬಿಡ್ರಿ. ನನಗ ಚಂದ್ರಿ ಹುಟ್ಟಿದಾಗ ಹತ್ತ ದಿನಕ್ಕ ಹೊರಿ ಹೊತ್ತೇನಿ."

ಅಂದಿನಿಂದ ಆ ಹಕ್ಕಿ ಅವಳ ಬಾಯಲ್ಲಿ ಬಾಣಂತಿಯೇ ಆಯಿತು. ಮರುವರ್ಷವೂ ಜೋಡಿ ಅದೇ ಪೊಟರೆಗೆ ಬಂತು. ಗಂಡು ಆಲದ ಹಣ್ಣು, ಬಸರಿ ಹಣ್ಣು ತರುವುದನ್ನು ಹಾಲವ್ವ, ಗುರುಬಾಯಿ ಜೊತೆಗಿಲ್ಲದ ದಿನ, ಹೊರೆ ಇಳಿಸಿ ನಿಂತು ನೋಡುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾರಾದರೂ ಕಲ್ಲು ಹೊಡೆದಾರು ಎಂಬ ಅಂಜಿಕೆ.

ಆ ಹೊತ್ತಿಗೆ ಊರ ಕಡೆ ಮಳೆ ಕೈಕೊಟ್ಟು, ಖಾಣಿಯ ಬಗಲಿನ ಒಂದು ಸಾಲು ಗುಡಿಸಲು ನಾಲ್ಕು ಸಾಲಾಗಿತ್ತು. ಕಟ್ಟಿಗೆಗೆ ಹೋಗುವ ಹೆಂಗಸರು ಹೆಚ್ಚಿದರು. ಹತ್ತಿರದ ಒಣಮರಗಳೆಲ್ಲ ಮುಗಿದು, ನಿತ್ಯವೂ ಇನ್ನಷ್ಟು ಒಳಕ್ಕೆ ನಡೆಯಬೇಕಾಯಿತು. "ಸತ್ತ ಮರಾನ ಹಕ್ಕಿಗಳ ಮನಿ ಹಾಲವ್ವಾ" ಎಂದು ರುಕ್ಮಿಣಿಬಾಯಿ ಒಮ್ಮೆ ಅಂದಿದ್ದರು. "ಮರಕುಟಿಗ ತೂತು ಕೊರೀತದ, ಅದು ಬಿಟ್ಟಮ್ಯಾಲ ಗಿಳಿ, ಗೂಬಿ ಎಲ್ಲಾ ಬಂದು ಇರತಾವ." ಮಾತು ನೆಟ್ಟಗೆ ಬಂದು ನಾಟಿತ್ತು. ಆದರೆ ಮರುದಿನವೂ ಒಲೆ ಉರಿಯಬೇಕಿತ್ತು. ಹಾಲವ್ವ ಅದನ್ನು ಕೇಳಿಸಿಕೊಳ್ಳದವಳ ಹಾಗೆ ಇದ್ದುಬಿಟ್ಟಳು.

ಎಪ್ಪತ್ತನಾಲ್ಕರ ಮೇ ತಿಂಗಳಲ್ಲಿ ರೈಲಿನವರ ಹರತಾಳ ಶುರುವಾಯಿತು. ಗೂಡ್ಸು ಗಾಡಿಗಳು ನಿಂತವು. ಸ್ಟೋವಿಗೆ ಹಾಕುವ ಘಾಸಲೇಟ್ ಎಣ್ಣೆ ಅಂಗಡಿಗಳಲ್ಲಿ ಮಾಯವಾಯಿತು, ಇದ್ದಿಲೂ ಇಲ್ಲ. ಹೋಟೆಲಿನವರು, ಬಿಲ್ಡಿಂಗಿನವರು, ಚಾಳಿನವರು ಎಲ್ಲರೂ ಕಟ್ಟಿಗೆಗೆ ಬಂದರು. ವಖಾರದ ಶೇಠ ಗುಡಿಸಲುಗಳಿಗೇ ಬಂದು, ಚಕ್ಕೆ ಪುರಳೆ ಬೇಡ, ದಪ್ಪ ತುಂಡು ತನ್ನಿ, ಎಷ್ಟಿದ್ದರೂ ತೆಗೆದುಕೊಳ್ಳುತ್ತೇನೆ ಎಂದ. ಖಾಣಿಗೆ ಸಿಡಿಮದ್ದು ಬರಲಿಲ್ಲ. ಮರೆಪ್ಪ ಮನೆಯಲ್ಲಿ ಕೂತ.

ಗುರುಬಾಯಿ ಮತ್ತಿಮರದ ಮುಂದೆ ನಿಂತು ಸೊಂಟಕ್ಕೆ ಕೈಯಿಟ್ಟಳು. "ಇಷ್ಟ ದಿನಾ ನಮ್ಮ ಕಣ್ಣಿಗೆ ಹೆಂಗ ಬೀಳಲಿಲ್ಲಲೇ ಇದು! ಅರ್ಧಾ ಸತ್ತೈತಿ. ಇದೊಂದ ಕೆಡವಿದರ ಎಂಟ ದಿನದ ಚಿಂತಿ ಹೋತು."

ಒಳಗೆ ಬಾಣಂತಿ ಇದ್ದಾಳೆ ಎಂದು ಒಂದು ಮಾತು ಹೇಳಿದ್ದರೆ ಗುರುಬಾಯಿ ಕೊಡಲಿ ಕೆಳಗಿಡುತ್ತಿದ್ದಳು. ಅದು ಹಾಲವ್ವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವಳ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ನಾನು ಬಿಟ್ಟರೆ ನಾಳೆ ಹೊಸ ಸಾಲಿನವರು ಕಡಿಯುತ್ತಾರೆ. ಉಳಿಯುವುದಂತೂ ಇಲ್ಲ. ಉಳಿಯದ ಮೇಲೆ ನಮಗೇ ಆಗಲಿ. ಹೀಗೆ ಅಂದುಕೊಂಡು, ಸೆರಗು ಸಿಕ್ಕಿಸಿ, ಅವಳೇ ಮೊದಲ ಏಟು ಹಾಕಿದಳು.

ಪೊಟರೆಯ ಸೀಳು ಮೂಡಣಕ್ಕಿತ್ತು. ಹಾಲವ್ವ ಸುತ್ತಿ ಹೋಗಿ ಪಡುವಣದ ಮಗ್ಗುಲಿಗೆ ನಿಂತು ಕಡಿದಳು. ಗುರುಬಾಯಿ ಆ ಕಡೆಯಿಂದ ಕಡಿದಳು. ಸೀಳು ಮೇಲಿತ್ತು, ಅವಳು ತಲೆಯೆತ್ತಲಿಲ್ಲ. ಗಂಡು ಬಂತು. ಎದುರಿನ ಕೊಂಬೆಯ ಮೇಲೆ ಕೂತು, ಕೊಕ್ಕಿನಲ್ಲಿ ಹಣ್ಣು ಹಿಡಿದುಕೊಂಡೇ ಅತ್ತಿತ್ತ ಸರಿದಾಡಿತು. ಹಾರಿಹೋಯಿತು, ಮತ್ತೆ ಬಂತು. "ಇದಕ್ಯಾಕ ಇಷ್ಟ ಸಂಕಟ?" ಎಂದು ಗುರುಬಾಯಿ ಹಣೆಯ ಬೆವರು ಒರೆಸಿಕೊಂಡಳು. ಏಟಿನ ನಡುವೆ ಮರದೊಳಗಿಂದ ಟಕ್ ಟಕ್ ಎಂದು ಸಣ್ಣಗೆ ಬಡಿದ ಸದ್ದು ಹಾಲವ್ವನಿಗೆ ಕೇಳಿಸಿತು. ಏಟುಗಳನ್ನು ಇನ್ನೂ ಬೇಗಬೇಗ ಹಾಕಿದಳು.

ಮರ ಬಿದ್ದಾಗ ಪೊಟರೆಯ ಜಾಗದಲ್ಲೇ ಸೀಳಿತು. ಒಳಗಿನ ಮರಿ ಬದುಕಿರಲಿಲ್ಲ. ತಾಯಿ ಹೊರಗೆ ಉರುಳಿ, ಗರಿಯಿಲ್ಲದ ಮೋಟು ರೆಕ್ಕೆಗಳನ್ನು ನೆಲಕ್ಕೆ ಬಡಿಯುತ್ತ ಎಲೆಗಳ ಮೇಲೆ ತೆವಳಿತು. ಹಾರಲು ನೋಡಿತು, ಮುಖ ಅಡಿಯಾಗಿ ಬಿತ್ತು.

"ಯವ್ವಾ! ಇದರಾಗ ಹಕ್ಕಿ ಇತ್ತಲ್ಲ!" ಗುರುಬಾಯಿ ಕೊಡಲಿ ಒಗೆದು ಕೂತುಬಿಟ್ಟಳು. "ಏ ಹಾಲೀ, ನಿನಗ ಗೊತ್ತಿತ್ತೇನ?"

"ನನಗೇನ ಗೊತ್ತ" ಎಂದಳು ಹಾಲವ್ವ.

ಗುರುಬಾಯಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದಳು. ನೀರು ಹನಿಸಿದಳು, ಅನ್ನದ ಅಗುಳು ಬಾಯಿಗಿಟ್ಟಳು. ಹಾಲವ್ವನಿಗೆ ಅದು ಹಣ್ಣು ತಿನ್ನುವ ಹಕ್ಕಿ ಎಂದು ಗೊತ್ತಿತ್ತು. ಹೇಳಿದರೆ ನಿನಗೆ ಹೇಗೆ ಗೊತ್ತು ಎಂದು ಕೇಳಿಯಾಳು ಎಂದು ಸುಮ್ಮನಿದ್ದಳು. ಮರುದಿನ ಹಕ್ಕಿ ಸತ್ತಿತು. ಅದರ ಕೊಬ್ಬು ಕಾಸಿ ಹಚ್ಚಿದರೆ ಮೊಣಕಾಲ ನೋವಿಗೆ ಒಳ್ಳೆಯದು ಎಂದು ಯಾರೋ ಅಂದರು. ಸತ್ತದ್ದು ಹೇಗೂ ಸತ್ತಿದೆ ಎಂದು ಗುರುಬಾಯಿ ಗಂಡನಿಗಾಗಿ ಎಣ್ಣೆ ಮಾಡಿಟ್ಟುಕೊಂಡಳು. ಮರದ ತುಂಡುಗಳು ವಖಾರಕ್ಕೆ ಹೋದವು.

ಮಳೆ ಹಿಡಿಯುವವರೆಗೂ ಗಂಡು ಆ ತಿರುವಿಗೆ ಬರುತ್ತಿತ್ತು. ಹಾಲವ್ವ ಕೆರೆಯ ದಂಡೆಯ ದೂರದ ದಾರಿ ಹಿಡಿದಳು.

ಲೋಕಲ್‌ಗಳು ಮೊದಲಿನಂತಾದ ಮೇಲೆ ರುಕ್ಮಿಣಿಬಾಯಿ ಬಂದರು. "ನಡಿ, ನಮ್ಮ ಬಾಣಂತಿ ನೋಡೂಣು. ಇಷ್ಟೊತ್ತಿಗೆ ಹೊರಗ ಬಂದಿರಬೇಕು" ಎಂದು ಮುಂದೆ ನಡೆದರು. ಹಾಲವ್ವ ಹಿಂದೆ ಹಿಂದೆ ಹೋದಳು. ದಾರಿಯುದ್ದಕ್ಕೂ ಹೇಳಬಹುದಿತ್ತು. ತಿರುವಿಗೆ ಬರುವ ಮುಂಚೆ ಅವಳ ಬಾಯಿಂದ ಬಂದದ್ದು, "ಗಾಳಿಗೆ ಬಿತ್ರಿ ಅಕ್ಕಾರ."

ರುಕ್ಮಿಣಿಬಾಯಿ ಬುಡದ ಮೋಟಿನ ಮುಂದೆ ನಿಂತರು. ಕೊಡಲಿಯ ಗಾಯಗಳು ಇನ್ನೂ ಕೆಂಪಾಗಿದ್ದವು.

"ಗಾಳಿ ಕೊಡ್ಲಿ ಹಿಡಕೊಂಡು ಬರತದೇನು? ಯಾರು ಕಡದವರು?"

"ನಾ ನೋಡಿಲ್ರಿ. ಹೊಸಾ ಮಂದಿ ಭಾಳ ಬಂದಾರ."

ಅಂದವಳಿಗೆ ಅಳು ಒತ್ತಿ ಬಂತು, ತಡೆಯಲಾಗಲಿಲ್ಲ. ರುಕ್ಮಿಣಿಬಾಯಿ ಅವಳ ಹೆಗಲ ಮೇಲೆ ಕೈಯಿಟ್ಟರು. "ಅಳಬ್ಯಾಡವಾ. ನನ್ನಕಿಂತಾ ನಿನಗ ಹೆಚ್ಚು ಜೀವ ಇತ್ತು ಅದರ ಮ್ಯಾಲ. ನನಗ ಗೊತ್ತದ." ಆ ಕೈಯನ್ನು ತಳ್ಳಿ ಓಡಿಹೋಗಬೇಕೆನಿಸಿತು ಹಾಲವ್ವನಿಗೆ. ಓಡಲಿಲ್ಲ. ಅವರ ಕರವಸ್ತ್ರದಲ್ಲಿ ಕಣ್ಣು ಒರೆಸಿಕೊಂಡಳು.

ಅವರು ಸಂಘದವರ ಮೂಲಕ ದೂರು ಕೊಟ್ಟರು. ಕಾವಲುಗಾರರು ಬಂದು ಹೊಸ ಸಾಲಿನ ಗುಡಿಸಲುಗಳಲ್ಲಿ ಹುಡುಕಿ ಕೊಡಲಿಗಳನ್ನೆಲ್ಲ ಹೊತ್ತುಕೊಂಡು ಹೋದರು. ಹಳೆಯವಳು, ಪರಿಚಯದವಳು ಎಂದು ಹಾಲವ್ವನ ಬಾಗಿಲಿಗೆ ಬರಲಿಲ್ಲ. ಸಿಂದಗಿಯ ಕಡೆಯ ಲಕ್ಷ್ಮವ್ವ ಎಂಬ ಮುದುಕಿ, ತವರಿನಿಂದ ತಂದ ಕೊಡಲಿ ಹೋಯಿತೆಂದು ಸಂಜೆಯವರೆಗೂ ಬಾಗಿಲಲ್ಲಿ ಕೂತು ಗೋಳಾಡಿದಳು. ಹಾಲವ್ವ ತನ್ನ ಕೊಡಲಿಯನ್ನು ಹಾಸಿಗೆಯ ಕೆಳಗೆ ಸರಿಸಿ, ಲಕ್ಷ್ಮವ್ವನಿಗೆ ಚಹಾ ಒಯ್ದು ಕೊಟ್ಟಳು. ಮುದುಕಿ ಚಹಾ ಕುಡಿದು ಹರಸಿದಳು. ಮುಂದೆ ರುಕ್ಮಿಣಿಬಾಯಿ ಬಂದಾಗ ಅವರ ಮುಂದೆಯೂ ಕೊಡಲಿಯ ಗೋಳು ಹೇಳಿಕೊಂಡಳು. ಅದಾದ ಮೇಲೆ ಎಷ್ಟೋ ದಿನ ಹಾಲವ್ವನಿಗೆ ಯಾರ ಮುಖವನ್ನೂ ನೆಟ್ಟಗೆ ನೋಡಲಾಗುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಕಣಿವೆಗೆ ಮಂಗಟ್ಟೆ ಬರಲಿಲ್ಲ. ಅದರ ಮುಂದಿನ ಬೇಸಿಗೆಯಲ್ಲೂ ಇಲ್ಲ. ಕುಟ್ಟುವ ಸದ್ದು ದೂರ ಸರಿಯುತ್ತ ಹೋಗಿ, ಕೊನೆಗೆ ಕೆರೆಯಾಚೆಗೆಲ್ಲೋ ಗಾಳಿ ತಂದರೆ ಕೇಳುವಷ್ಟಾಯಿತು. ಗಿಳಿಗಳು ಮೇಲಿಂದ ಹಾದುಹೋಗುತ್ತಿದ್ದವು, ಇಳಿಯುತ್ತಿರಲಿಲ್ಲ. ಅವುಗಳ ಬದಲಿಗೆ ಕಾಗೆಗಳು ಬಂದವು. ಹಾಲವ್ವ ಬಂದ ಹೊಸದರಲ್ಲಿ ಕಾಗೆ ಗುಡಿಸಲಿನ ಸಾಲು ದಾಟಿ ಒಳಗೆ ಬಂದದ್ದೇ ಇಲ್ಲ. ಈಗ ಜನ ಎಷ್ಟು ದೂರ ಹೋಗುತ್ತಿದ್ದರೋ ಅಷ್ಟು ದೂರ ಕಾಗೆ ಹೋಗುತ್ತಿತ್ತು. ಬುತ್ತಿ ಬಿಚ್ಚಿದಲ್ಲಿ ಕೂರುತ್ತಿತ್ತು, ಬೇರೆ ಹಕ್ಕಿಯ ಗೂಡು ಕಂಡರೆ ಮೊಟ್ಟೆ ಎತ್ತುತ್ತಿತ್ತು. ಗದ್ದಲ ಕಡಿಮೆಯಾಗಿರಲಿಲ್ಲ. ಆದರೆ ಈಗ ಅದು ಒಂದೇ ದನಿಯ ಗದ್ದಲ. ರುಕ್ಮಿಣಿಬಾಯಿ ಪ್ರತಿ ಸಲ ಎಣಿಕೆ ಮುಗಿಸಿ, "ಈ ಸಲಾನೂ ಕಡಿಮಿ" ಎಂದು ಬಂಡೆಯ ಮೇಲೆ ಕೂರುತ್ತಿದ್ದರು. ಕಡಿಮೆಯಾದದ್ದರಲ್ಲಿ ತನ್ನ ಹೊರೆಗಳು ಎಷ್ಟು ಎಂದು ಹಾಲವ್ವ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದಳು. ಅಷ್ಟೂ ವರ್ಷದ ಹೊರೆಗಳು, ತೂತಿದ್ದ ಎಷ್ಟೋ ಮರಗಳು. ಅವನ್ನು ತಿಳಿಯದೆ ಕಡಿದಿದ್ದಳು. ಮತ್ತಿಮರದ ವಿಷಯದಲ್ಲಿ ಹಾಗೆ ಹೇಳಿಕೊಳ್ಳುವಂತಿರಲಿಲ್ಲ.

ಅವಳು ಕಟ್ಟಿಗೆಗೆ ಹೋಗುವುದನ್ನು ಬಿಟ್ಟು ಖಾಣಿಯಲ್ಲಿ ಜಲ್ಲಿ ಹೊರುವ ಕೆಲಸಕ್ಕೆ ಸೇರಿದಳು. ಇದನ್ನು ಕೇಳಿ ರುಕ್ಮಿಣಿಬಾಯಿಯ ಕಣ್ಣಲ್ಲಿ ನೀರು ಬಂತು. ಹಕ್ಕಿಗಾಗಿ ಹೊಟ್ಟೆಪಾಡು ಬಿಟ್ಟ ಹೆಂಗಸು ಎಂದು ಅವರು ಊರೆಲ್ಲ ಹೇಳಿಕೊಂಡು ಬಂದರು.

ಎಪ್ಪತ್ತಾರರ ಚಳಿಗಾಲದಲ್ಲಿ ಮಾಟುಂಗದ ಕನ್ನಡ ಸಂಘವೊಂದರಲ್ಲಿ ಅವರ ಉಪನ್ಯಾಸವಿತ್ತು. ಹಾಲವ್ವ ಮಗಳನ್ನು ಕರೆದುಕೊಂಡು ಬರಲೇಬೇಕು ಎಂದು ಹಟ ಹಿಡಿದರು. ಸಭೆಯಲ್ಲಿ ದೀಪ ಆರಿಸಿ, ಬಿಳಿ ಪರದೆಯ ಮೇಲೆ ಹಕ್ಕಿಗಳ ಚಿತ್ರ ತೋರಿಸಿದರು. ಎಣಿಕೆ ಶುರುವಾದಾಗ ಯಾವುದು ಎಷ್ಟಿತ್ತು, ಈಗ ಏನಾಗಿದೆ ಎಂದು ವಿವರಿಸಿದರು. ಮಂಗಟ್ಟೆಯ ಚಿತ್ರ ಬಂದಾಗ ಮತ್ತಿಮರದ ಕತೆ ಹೇಳಿದರು. ದೀಪ ಹತ್ತಿತು. "ಆ ಮರದ ಸಲುವಾಗಿ ಅತ್ತ ಒಬ್ಬಾಕಿ ಇಲ್ಲೇ ಇದ್ದಾಳ. ಹಾಲವ್ವಾ, ಮ್ಯಾಲ ಬಾ" ಎಂದರು.

ಹಾಲವ್ವ ಕುರ್ಚಿ ಬಿಟ್ಟು ಏಳಲಿಲ್ಲ. "ಅವ್ವಾ, ಏಳs, ನಿನ್ನ ಕರ್ಯಾಕತ್ತಾರ" ಎಂದು ಚಂದ್ರವ್ವ ಅವಳನ್ನು ದೂಡಿದಳು. ವೇದಿಕೆಯ ಮೇಲೆ ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ಎರಡು ಮಾತು ಆಡಿ ಎಂದು ಅಧ್ಯಕ್ಷರು ಮೈಕು ಮುಂದೆ ಮಾಡಿದರು. ಹಾಲವ್ವ ಬಾಯಿ ತೆರೆದಳು. ಮುಂದಿನ ಸಾಲಿನಲ್ಲಿ ಮಗಳು ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆಯುತ್ತಿದ್ದಳು. "ನನಗೇನೂ ಬರೂದಿಲ್ರಿ" ಎಂದು ತಲೆ ತಗ್ಗಿಸಿದಳು. ಎಂಥ ವಿನಯ ಎಂದು ಯಾರೋ ಅಂದದ್ದು ಕೇಳಿಸಿತು. ಮೈಮೇಲಿನ ಶಾಲು ಬೆಂಕಿಯ ಹಾಗೆ ಸುಟ್ಟಿತು.

ನಿಜ ಹೊರಬಿದ್ದದ್ದು ಹಾಲವ್ವನ ಬಾಯಿಂದಲ್ಲ. ಕೆಲವು ವಾರಗಳ ಮೇಲೆ ರುಕ್ಮಿಣಿಬಾಯಿ ಎಣಿಕೆ ಮುಗಿಸಿ ಗುಡಿಸಲಿಗೆ ಬಂದು ಚಹಾ ಕುಡಿಯುತ್ತ, ಏರು ಹತ್ತಿ ಮೊಣಕಾಲು ಹಿಡಿದಿದೆ ಎಂದರು. ಪಕ್ಕದ ಬಾಗಿಲಿಂದ ಗುರುಬಾಯಿ ಇಣುಕಿದಳು.

"ನಮ್ಮನ್ಯಾಗ ಹಕ್ಕಿ ಎಣ್ಣಿ ತಳದಾಗ ಒಂದೀಟ ಉಳದೈತ್ರಿ ಬಾಯಾರ, ಕೊಡ್ಲೇನು? ನಮ್ಮ ಯಜಮಾನರಿಗೆ ಭಾಳ ಚಲೋ ಆತು. ನಾನೂ ಹಾಲೀನೂ ಮತ್ತಿಮರಾ ಕಡದಾಗ ಒಳಗಿತ್ತ್ರಿ ಪಾಪ, ಉದ್ದ ಕೊಕ್ಕಿಂದು. ಬದಕಸಾಕ ಭಾಳ ನೋಡಿದ್ನಿ, ಉಳೀಲಿಲ್ಲ."

ರುಕ್ಮಿಣಿಬಾಯಿ ಬಟ್ಟಲು ಕೆಳಗಿಟ್ಟರು. ಗುರುಬಾಯಿ ಏನೂ ತಿಳಿಯದೆ ಇಬ್ಬರ ಮುಖ ನೋಡಿ ಒಳಗೆ ಹೋದಳು. ಗೂಟಕ್ಕೆ ಹಾಕಿದ್ದ ಶಾಲು ಅವರ ತಲೆಯ ಮೇಲೇ ತೂಗುತ್ತಿತ್ತು.

"ಹರತಾಳದ ತಿಂಗಳು ನಮ್ಮನ್ಯಾಗೂ ಕಟ್ಟಿಗೀನ ಉರೀತು" ಎಂದರು ರುಕ್ಮಿಣಿಬಾಯಿ. "ಬಾಲ್ಕನಿಯೊಳಗ ಇಟ್ಟಿಗಿ ಇಟ್ಟು ಒಲಿ ಮಾಡಿದ್ದೆ. ಯಾವ ಮರದ್ದಂತ ಕೇಳಲಿಲ್ಲ. ಅದಕ್ಕ ನಿನಗ ಅನ್ನೂ ಅಧಿಕಾರ ನನಗಿಲ್ಲ." ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು. "ಆದರ ಒಳಗ ಹಕ್ಕಿ ಅದ ಅಂತ ನನಗ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತು."

"ಹೌದ್ರಿ."

"ಆ ಮುದುಕೀ ಕೊಡ್ಲಿ ಹೋಗಲಿಕ್ಕೆ ನಾ ಕಾರಣ ಆದೆ."

"ಹೌದ್ರಿ."

ಅವರು ಚೀಲ ಎತ್ತಿಕೊಂಡು ಹೊರಟರು. ಹಾಲವ್ವ ಬಾಗಿಲವರೆಗೂ ಹೋಗಲಿಲ್ಲ. ಮಗಳು ಶಾಲೆಯಿಂದ ಬರುವ ಮುಂಚೆ ಶಾಲನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು. ಎಲ್ಲಿ ಹೋಯಿತೆಂದು ಚಂದ್ರವ್ವ ಕೇಳಿದ್ದಕ್ಕೆ, ಹುಳ ಹಿಡಿಯುತ್ತದೆ, ಅದಕ್ಕೆ ಇಟ್ಟೆ ಎಂದಳು. ಮಗಳಿಗೂ ಒಂದು ಸುಳ್ಳು ಸೇರಿತು.

ರುಕ್ಮಿಣಿಬಾಯಿ ಇನ್ನು ಬರುವುದಿಲ್ಲ ಎಂದೇ ಅವಳು ಅಂದುಕೊಂಡಿದ್ದಳು. ಆದರೆ ಬೇಸಿಗೆಯ ಎಣಿಕೆಯ ದಿನ ಅವರು ಬಾಗಿಲ ಮುಂದೆ ನಿಂತಿದ್ದರು. ಮುಖದಲ್ಲಿ ಮೊದಲಿನ ಸಲಿಗೆ ಇರಲಿಲ್ಲ. "ನಡಿ" ಎಂದರು. ಕಣಿವೆಯ ತಿರುವಿನವರೆಗೆ ಅವರೇ ಮುಂದೆ ನಡೆದರು. ಮತ್ತಿಮರದ ಮೋಟಿನ ಹತ್ತಿರ ನಿಂತು, ಬರೆಯಲು ಕಾಗದ ತೆಗೆದು, "ಮಂಗಟ್ಟಿ?" ಎಂದು ಕೇಳಿದರು.

"ನಿಮಗ ಕಾಣ್ತೈತಲ್ರಿ."

"ನೀ ಹೇಳು. ಇದ್ದದ್ದು ಬರದಂಗ ಇಲ್ಲದ್ದೂ ಬರೀಬೇಕು."

"ಇಲ್ರಿ" ಎಂದಳು ಹಾಲವ್ವ.

ಅವರು ಬರೆದುಕೊಂಡರು. ಆಮೇಲಿನ ಪ್ರತಿ ಎಣಿಕೆಗೂ ಹೀಗೇ ಆಯಿತು. ಅವರು ಕರೆಯುತ್ತಿದ್ದರು, ಅವಳು ಹೋಗುತ್ತಿದ್ದಳು. ಬರುವುದಿಲ್ಲ ಎನ್ನಬಹುದಿತ್ತು. ಒಂದು ದಿನವೂ ಅನ್ನಲಿಲ್ಲ. ಆ ಜಾಗದಲ್ಲಿ ಅವರು ಕೇಳುವರು, ಇವಳು ಇಲ್ಲ ಎನ್ನುವಳು. ಅವರ ನಡುವೆ ಮತ್ತೆ ಮಾತು ಹುಟ್ಟಿತು, ನಗುವೂ ಒಮ್ಮೊಮ್ಮೆ ಬಂತು. ಆದರೆ ರುಕ್ಮಿಣಿಬಾಯಿ ದುರ್ಬೀನನ್ನು ಅವಳ ಕೈಗೆ ಮತ್ತೆ ಕೊಡಲಿಲ್ಲ. ಅವಳೂ ಕೇಳಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಅವರ ಯಜಮಾನರು ನಿವೃತ್ತರಾಗಿ, ಇಬ್ಬರೂ ಧಾರವಾಡಕ್ಕೆ ಹೊರಟರು. ಆ ದಾರಿಯ ಎಣಿಕೆ ಸಂಘದ ಇಬ್ಬರು ಕಾಲೇಜು ಹುಡುಗಿಯರ ಪಾಲಿಗೆ ಬಂತು. ಇಬ್ಬರೂ ಮಾಟುಂಗದ ಕನ್ನಡದವರ ಮಕ್ಕಳು. ಕನ್ನಡ ತಿಳಿಯುತ್ತಿತ್ತು, ಆಡುವಾಗ ತಡವರಿಸಿ ಮರಾಠಿ ಬೆರೆಸುತ್ತಿದ್ದರು. ದಾರಿ ತೋರಿಸು ಎಂದು ರುಕ್ಮಿಣಿಬಾಯಿ ಹೇಳಿಕಳಿಸಿದ್ದರಿಂದ ಹಾಲವ್ವ ಅವರ ಜೊತೆ ಹೋದಳು. ತಿರುವಿಗೆ ಬಂದಾಗ ಒಬ್ಬಳು ಕೈಯಲ್ಲಿದ್ದ ಹಳೆಯ ಹಾಳೆ ನೋಡಿ, "ಮಾವ್ಶಿ, ಇಲ್ಲಿ ಹಾರ್ನ್‌ಬಿಲ್ ಗೂಡು ಇತ್ತು ಅಂತ ಬರ್ದಿದಾರೆ. ಆ ಝಾಡ್, ಮರ, ಎಲ್ಲಿ? ಏನಾಯ್ತು ಅದಕ್ಕೆ?" ಎಂದಳು.

ಮೋಟು ಗೆದ್ದಲು ತಿಂದು ನೆಲಸಮವಾಗಿತ್ತು. ಅದರ ಮೇಲೆ ಹುಲ್ಲು ಬೆಳೆದಿತ್ತು. ಕೇಳುವವಳು ಯಾರೋ, ನಾಳೆ ಎಲ್ಲೋ. ಅವಳ ಮುಂದೆ ಹೇಳಿದರೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಹಾಲವ್ವ ಬಾಯಿ ತೆರೆದಳು. ನಾ ಕಡದೆ ಎನ್ನಬೇಕೆಂದಿದ್ದಳು.

"ಕಡದರು" ಎಂದಳು.

"ಯಾರು?"

"ಕಟಗೀಗೆ ಬರೂ ಮಂದಿ."

ಹುಡುಗಿ ಛೇ ಎಂದು ತಲೆಯಾಡಿಸಿ ಬರೆದುಕೊಂಡಳು. ಇನ್ನೊಬ್ಬಳು ದುರ್ಬೀನೆತ್ತಿ ಕೆರೆಯ ಕಡೆಗೆ ತಿರುಗಿದಳು. ಇಬ್ಬರೂ ಮುಂದೆ ನಡೆದರು. ಹಾಲವ್ವ ಒಂದು ಗಳಿಗೆ ಅಲ್ಲೇ ನಿಂತಳು. ಕರೆದು ಹೇಳೋಣವೆಂದರೆ ಅವರ ಹೆಸರು ಕೂಡ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. "ಮಾವ್ಶಿ, ಚಲಾ" ಎಂದು ಅವರೇ ಕೂಗಿದರು. ಸೆರಗನ್ನು ತಲೆಯ ಮೇಲೆಳೆದುಕೊಂಡು, ಮುಖ ಅವರಿಗೆ ಕಾಣದ ಹಾಗೆ, ಅವಳು ಅವರ ಹಿಂದೆ ಹೋದಳು.